ದೊಡ್ಡವನನ್ನು ಯಾರ ಹತ್ತಿರ ಬಿಡುವುದು?

ಎರಡನೇ ಹೆರಿಗೆ ಅಂದರೆ ನಮ್ಮ ಕಡೆ ಯಾರಿಗೂ ಅಂಥ ಗಾಬರಿಯಿಲ್ಲ. ವಿಷಯ ತಿಳಿಸಿದಾಗ ತವರಿನಿಂದಲೂ ಅತ್ತೆಮನೆಯಿಂದಲೂ ಬಂದ ಉತ್ತರ ಒಂದೇ: "ಎರಡ್ನೇದಲ್ದಾ, ಸಸಾರ ಆಗ್ತು ಬಿಡು." ಹೆರುವ ಮಟ್ಟಿಗೆ ಆ ಮಾತು ಸುಳ್ಳಾಗಲಿಲ್ಲ. ಆದರೆ ಮೊದಲನೇ ಸಲ ನಾನು ಶಿರಸಿ ಹತ್ತಿರದ ತವರಿನಲ್ಲಿದ್ದೆ. ನೋವು ಬಂದಾಗ ಬ್ಯಾಗು ಎತ್ತಿಕೊಂಡು ಅಣ್ಣನ ಕಾರು ಹತ್ತಿದರೆ ಮುಗಿಯಿತು. ಈ ಸಲ ಕಾರವಾರದ ಬಾಡಿಗೆ ಮನೆಯಲ್ಲಿದ್ದೆ, ಜೊತೆಗೆ ನಾಲ್ಕೂವರೆ ವರ್ಷದ ಮಗ, ನಮ್ಮ ಮಾಣಿ. ರಾತ್ರಿ ನನ್ನ ನೈಟಿಯ ತೋಳು ಮುಷ್ಟಿಯಲ್ಲಿಲ್ಲದಿದ್ದರೆ ನಿದ್ದೆಯೇ ಬಾರದ ಪೈಕಿ ಅವನು.

ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು, ತೂಕ, ಬಿಪಿ, ಚುಚ್ಚುಮದ್ದು, ಹೆರಿಗೆಯ ಅಂದಾಜು ದಿನ ಎಲ್ಲವನ್ನೂ ಬರೆಯುತ್ತಾರೆ. ಮನೆಯಲ್ಲಿರುವ ದೊಡ್ಡ ಮಗು ಆ ರಾತ್ರಿ ಎಲ್ಲಿ ಮಲಗುತ್ತದೆ ಎಂದು ನನ್ನನ್ನು ಕೇಳಿದ್ದು ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ಒಬ್ಬರೇ. ಕಾರ್ಡು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತ, ಬಾಗಿಲ ಹಿಂದೆ ಅಡಗಿ ನಿಂತಿದ್ದ ಮಾಣಿಯನ್ನು ತೋರಿಸಿ, "ಮತ್ತೆ ಇವನು?" ಅಂದರು. ನಮ್ಮ ಆಯಿ, ಎಂದರೆ ನನ್ನ ಅಮ್ಮ, ಬರ್ತಾರೆ ಎಂದೆ. "ಎಲ್ಲಿಂದ?" ಶಿರಸಿಯಿಂದ. "ಜುಲೈ ತಿಂಗಳಲ್ಲಿ?" ಎಂದವರು ಮುಂದೆ ಏನೂ ಹೇಳದೆ ಚಪ್ಪಲಿ ಮೆಟ್ಟಿದರು. ಘಟ್ಟದ ಮೇಲಿನ ಮಳೆಗಾಲ ನೋಡಿದವರಿಗೆ ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ತವರಿಗೆ ಹೋಗಬಹುದಿತ್ತಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಚೊಚ್ಚಲ ಬಾಣಂತನ ತವರಿನದು, ಅದು ಆಗಿಹೋಗಿತ್ತು. ಮಾಣಿಗೆ ಜೂನ್‌ನಲ್ಲಷ್ಟೇ ಎಲ್‌ಕೆಜಿ ಶುರುವಾಗಿತ್ತು. ಗೇಟಿನಲ್ಲಿ ಅಳುವುದನ್ನು ಬಿಟ್ಟು ಇನ್ನೂ ವಾರವಾಗಿರಲಿಲ್ಲ, ಆಗಲೇ ಮೂರು ತಿಂಗಳು ಬಿಡಿಸಿದರೆ ಮತ್ತೆ ಮೊದಲಿನಿಂದ. ಅತ್ತೆಮನೆ ಸಿದ್ದಾಪುರದ ಹತ್ತಿರ, ಅಡಕೆ ತೋಟ. ಜೂನ್-ಜುಲೈ ಅಂದರೆ ಅಡಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುವ ಕಾಲ. ಮಳೆ ಒಂದು ಹಗಲು ಹೊಳವಾಗಬೇಕು, ಅದೇ ದಿನ ಮರ ಹತ್ತುವ ಕೊನೆಗೌಡ ಸಿಗಬೇಕು, ಸುಣ್ಣ-ಮೈಲುತುತ್ತ ಕಲೆಸಿ ತಯಾರಿರಬೇಕು. ಅವನು ಬಂದ ದಿನ ಮನೆಯಲ್ಲಿ ಯಜಮಾನ ಇಲ್ಲದಿದ್ದರೆ ಆ ವರ್ಷದ ಬೆಳೆ ಕೊಳೆಗೆ. ಮಾವ ತೋಟ ಬಿಡುವಂತಿಲ್ಲ, ಅತ್ತೆ ಕೊಟ್ಟಿಗೆ ಬಿಡುವಂತಿಲ್ಲ. ಇದರಲ್ಲಿ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂಥದ್ದೇನೂ ಇಲ್ಲ. ಹೆರಿಗೆಯ ದಿನ ಅಡಕೆ ಕೇಳಿ ಬರುವುದಿಲ್ಲ, ಅಷ್ಟೇ.

ಉಳಿದದ್ದು ಆಯಿ. ಅವರು ಬರುವುದು ನಿಕ್ಕಿಯಾಗಿತ್ತು. ಅಂದಾಜು ದಿನ ಜುಲೈ ಕೊನೆಗೆ, ಆಯಿ ಒಂದು ವಾರ ಮೊದಲೇ ಬಂದು ಮಾಣಿಗೆ ಹೊಂದಿಕೊಳ್ಳುವುದು, ನೋವು ಬಂದಾಗ ನಾನು ಮತ್ತು ನಮ್ಮನೆಯವರು ಆಸ್ಪತ್ರೆಗೆ ಹೊರಡುವುದು. ಕೇಳಲಿಕ್ಕೆ ಚೆಂದ. ಆಶಾ ಅವರ ಆ ಒಂದು ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಹಾಗಾಗಿ ಆಯಿ ಬಂದೇ ಬರುತ್ತಾರೆ ಎಂದು ನಂಬಿಕೊಂಡೇ, ಬಾರದಿದ್ದರೆ ಎನ್ನುವುದಕ್ಕೂ ದಾರಿ ಹುಡುಕಲು ಕೂತೆ.

ಹಗಲು ದೊಡ್ಡ ಸಮಸ್ಯೆಯಲ್ಲ ಎಂದು ಬೇಗ ತಿಳಿಯಿತು. ಶಾಲೆ ಇದೆ, ಊರಿನಲ್ಲಿ ಡೇಕೇರ್ ಇದೆ. ಡೇಕೇರ್‌ನವರನ್ನು ಕೇಳಿದೆ, ಸಂಜೆ ಆರರ ತನಕ ನೋಡಿಕೊಳ್ಳುತ್ತಾರೆ, ರಾತ್ರಿ ಇಲ್ಲ, ಮಳೆ ರಜೆ ಘೋಷಣೆಯಾದ ದಿನ ಅವರಿಗೂ ರಜೆ. ಪರಿಚಯದವರೊಬ್ಬರು ಪಂಚಾಯಿತಿಯ 'ಕೂಸಿನ ಮನೆ' ವಿಚಾರಿಸು ಎಂದರು. 2023ರ ರಾಜ್ಯ ಬಜೆಟ್‌ನಲ್ಲಿ ಬಂದ ಒಳ್ಳೆಯ ಯೋಜನೆ ಅದು, ಆದರೆ ಹಳ್ಳಿಯಲ್ಲಿ ನರೇಗಾ ಕೆಲಸಕ್ಕೆ ಹೋಗುತ್ತಿದ್ದವರ ಪುಟ್ಟ ಮಕ್ಕಳಿಗಾಗಿ ಇದ್ದದ್ದು. ಪೇಟೆಯ ನಮಗೆ ಸಂಬಂಧವಿರಲಿಲ್ಲ. ನಮ್ಮನೆಯವರು ಸರ್ಕಾರಿ ನೌಕರರು, ಹೆಂಡತಿಯ ಹೆರಿಗೆಗೆ 15 ದಿನ ಪಿತೃತ್ವ ರಜೆ ಇದೆ. ಆ ರಜೆ ಹಗಲಿಗೆ ಸಾಕು. ಆದರೆ ನೋವು ಬಂದ ರಾತ್ರಿ ಅವರು ನನ್ನ ಜೊತೆಗಿರಬೇಕೋ, ಮಗನ ಜೊತೆಗೋ? ಆಸ್ಪತ್ರೆಯಲ್ಲಿ ಸಹಿ ಹಾಕಲು, ಔಷಧಿ ತರಲು, ರಕ್ತಕ್ಕೆ ಓಡಾಡಲು ಒಬ್ಬರು ಬೇಕೇ ಬೇಕು. ನಮ್ಮ ಜಿಲ್ಲೆಯವರಿಗೆ ಇನ್ನೊಂದು ಲೆಕ್ಕ ಯಾವಾಗಲೂ ತಲೆಯಲ್ಲಿರುತ್ತದೆ. ಸ್ವಲ್ಪ ಏರುಪೇರಾದರೆ ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾದ ಬಾಂಬೋಳಿಗೆ ಬರೆದುಕೊಡುತ್ತಾರೆ. ಹಾಗಾದರೆ ಗಂಡ ಆಂಬುಲೆನ್ಸಿನಲ್ಲಿ ಕೂತು ಹೋದವನು ಯಾವತ್ತು ತಿರುಗಿ ಬರುತ್ತಾನೋ ಹೇಳುವ ಹಾಗಿಲ್ಲ. ಎಂದರೆ ಬೇಕಾಗಿದ್ದದ್ದು ಮಗುವನ್ನು 'ನೋಡಿಕೊಳ್ಳುವವರು' ಅಲ್ಲ. ಯಾವತ್ತೆಂದು ಗೊತ್ತಿಲ್ಲದ ಒಂದು ರಾತ್ರಿ, ಎಷ್ಟು ಹೊತ್ತಿಗಾದರೂ, ಕರೆದ ಹತ್ತು ನಿಮಿಷಕ್ಕೆ ನಮ್ಮ ಬಾಗಿಲಿಗೆ ಬಂದು ನಿಲ್ಲುವವರು. ಅಂಥವರು ಘಟ್ಟದಾಚೆಯ ರಕ್ತಸಂಬಂಧಿಗಳಲ್ಲಿ ಸಿಗುವುದಿಲ್ಲ. ಕಂಪೌಂಡಿನಾಚೆ ಸಿಗಬಹುದು.

ಪಕ್ಕದ ಮನೆಯವರು ಕೊಂಕಣಿ ಮಾತಾಡುವವರು. ಮಾಣಿಗೆ ಅವರು ಮಾವಶಿ, ಅವರ ಯಜಮಾನರು ಕಾಕಾ. ಮಕ್ಕಳಿಬ್ಬರೂ ಗೋವಾದಲ್ಲಿ ಕೆಲಸದಲ್ಲಿದ್ದಾರೆ, ಕಾಕಾ ರಿಟೈರಾದವರು. ಇವನು ಹೇಗೂ ದಿನಕ್ಕೊಮ್ಮೆ ಆ ಮನೆಯ ಜಗಲಿಗೆ ಹೋಗಿ ಕಾಕಾರ ರೇಡಿಯೋ ತಿರುವಿ ಬರುತ್ತಿದ್ದ. ಹಾಗಂತ ರಾತ್ರಿಗೆ ಕೇಳುವುದು ಸುಲಭವಲ್ಲ. ಒಂದು ಸೇರು ಸಕ್ಕರೆ ಕೇಳಿದಂತಲ್ಲವಲ್ಲ. ನಾನು ಮುಚ್ಚುಮರೆ ಮಾಡದೆ ಎಲ್ಲ ಹೇಳಿದೆ: ಯಾವ ದಿನ ಗೊತ್ತಿಲ್ಲ, ಮಧ್ಯರಾತ್ರಿಯೂ ಇರಬಹುದು, ಒಂದೇ ರಾತ್ರಿಯೂ ಇರಬಹುದು ನಾಲ್ಕೂ ಇರಬಹುದು, ಅವನು ಅಳಬಹುದು, ಹಾಸಿಗೆ ಒದ್ದೆ ಮಾಡಬಹುದು. ಮಾವಶಿ ಅಕ್ಕಿ ಆರಿಸುತ್ತಿದ್ದವರು ಮೊರದಿಂದ ತಲೆಯೆತ್ತಲಿಲ್ಲ. "ಮಧ್ಯರಾತ್ರಿ ಅಂದ್ರೆ ಒಳ್ಳೇದೇ ಆಯ್ತು. ಮೊಣಕಾಲು ನೋವಿಗೆ ನಾನು ಹೇಗೂ ಎದ್ದೇ ಇರ್ತೇನೆ," ಎಂದರು. ಅವರು ಊರಲ್ಲಿ ಇಲ್ಲದ ದಿನಕ್ಕೆಂದು ಹಬ್ಬುವಾಡದಲ್ಲಿರುವ ನಮ್ಮನೆಯವರ ಸಹೋದ್ಯೋಗಿಯ ಹೆಂಡತಿಗೂ ಹೇಳಿಟ್ಟೆವು. ಅದರ ಅಗತ್ಯ ಬೀಳಲಿಲ್ಲ, ಆದರೆ ಎರಡನೇ ಹೆಸರೊಂದು ಇದೆ ಎನ್ನುವುದೇ ನನಗೆ ರಾತ್ರಿ ನಿದ್ದೆ ತಂದದ್ದು.

ಮಲಗಿದ ಮಗುವನ್ನು ಅವರ ಮನೆಗೆ ಎತ್ತಿಕೊಂಡು ಹೋಗುವುದೋ, ಅವರೇ ನಮ್ಮ ಮನೆಗೆ ಬರುವುದೋ ಎನ್ನುವುದರ ಮೇಲೆ ನಾವಿಬ್ಬರೂ ಒಂದು ಸಂಜೆಯಿಡೀ ವಾದ ಮಾಡಿದೆವು. ಇವರದ್ದು, ಅವರಿಗೆ ತೊಂದರೆ ಕೊಡುವುದು ಬೇಡ, ಎತ್ತಿಕೊಂಡು ಹೋಗಿ ಮಲಗಿಸಿದರಾಯಿತು ಎಂದು. ನನಗೆ ಅದು ಸರಿಬರಲಿಲ್ಲ. ತನ್ನ ಹಾಸಿಗೆಯಲ್ಲಿ ಮಲಗಿದವನು ಬೇರೆಯವರ ಕೋಣೆಯಲ್ಲಿ ಎದ್ದರೆ, ಅಮ್ಮನೂ ಇಲ್ಲ, ಗೋಡೆಯೂ ತನ್ನದಲ್ಲ. ಅಮ್ಮ ಇಲ್ಲದಿದ್ದರೂ ಗೋಡೆಯಾದರೂ ಇರಲಿ. ಪರೀಕ್ಷೆಗೆಂದು ಒಂದು ಶನಿವಾರ ಅವನನ್ನು ಮಾವಶಿಯ ಮನೆಯಲ್ಲೇ ಮಲಗಿಸಿ ನೋಡಿದೆವು. ಹನ್ನೊಂದು ಗಂಟೆಗೆ ಕಾಕಾ ಅವನನ್ನು ಹೆಗಲ ಮೇಲೆ ಹೊತ್ತು ತಂದು ಕೊಟ್ಟರು, ಇಬ್ಬರ ಮುಖವೂ ಕೆಂಪಗಿತ್ತು. ಮುಂದಿನ ವಾರ ಮಾವಶಿಯೇ ತಮ್ಮ ತಲೆದಿಂಬು ತಂದು ಅವನ ಪಕ್ಕ ಮಲಗಿದರು, ನಾನು ಆಚೆ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಬಿದ್ದುಕೊಂಡಿದ್ದೆ. ಅವನು ಬೆಳಗಿನ ತನಕ ಏಳಲಿಲ್ಲ. ಅಲ್ಲಿಗೆ ವಾದ ಮುಗಿಯಿತು.

ಇನ್ನು ಕಾಗದಪತ್ರದ ಕೆಲಸ. ಶಾಲೆಯಲ್ಲಿ ಮಗುವನ್ನು ಯಾರಿಗೆ ಬೇಕಾದರೂ ಕೊಡುವುದಿಲ್ಲ, ಕೊಡಲೂ ಬಾರದು. ಮಾವಶಿ ಮತ್ತು ಕಾಕಾರ ಫೋಟೋ ಅಂಟಿಸಿ, ಆಧಾರ್ ಪ್ರತಿ ಲಗತ್ತಿಸಿ, ನಾವಿಬ್ಬರೂ ಸಹಿ ಮಾಡಿದ ಅರ್ಜಿ ಕೊಟ್ಟೆವು. ಫೋಟೋ ಬೇಕು ಎಂದಾಗ ಕಾಕಾ ಕ್ಷೌರಕ್ಕೆ ಹೋಗಿ ಬಂದು ಸ್ಟುಡಿಯೋಕ್ಕೆ ಹೊರಟರು. ಶಾಲೆಯ ವ್ಯಾನಿನ ಡ್ರೈವರ್‌ಗೂ ಅವರ ಮುಖ ತೋರಿಸಿಟ್ಟೆವು. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಅದರಲ್ಲಿ ನಾನು ಮುಖ್ಯ ಎಂದುಕೊಂಡದ್ದು ಜ್ವರದ ಸಿರಪ್. ಮಕ್ಕಳ ಪ್ಯಾರಾಸಿಟಮಾಲ್ ಐದು ಎಂಎಲ್‌ಗೆ 125 ಮಿಲಿಗ್ರಾಂ, 250 ಮಿಲಿಗ್ರಾಂ ಎಂದು ಎರಡು ಬಲದಲ್ಲಿ ಬರುತ್ತದೆ, ಬಾಟಲಿ ನೋಡಿದರೆ ಹೆಚ್ಚುಕಮ್ಮಿ ಒಂದೇ ಥರ. 'ಒಂದು ಚಮಚ' ಎಂದು ಬಾಯಲ್ಲಿ ಹೇಳಿ ಹೋದರೆ ಯಾವ ಬಾಟಲಿಯ ಒಂದು ಚಮಚ? ಮಕ್ಕಳ ಡಾಕ್ಟರ ಹತ್ತಿರ ಅವನ ತೂಕ ನೋಡಿ ಬರೆಸಿ, ಅದೇ ಬಾಟಲಿ ಮಾತ್ರ ಮನೆಯಲ್ಲಿಟ್ಟು, ಇನ್ನೊಂದನ್ನು ಎತ್ತಿ ಹಾಕಿದೆ. ಉಳಿದದ್ದು ಸಣ್ಣಪುಟ್ಟದ್ದು: ತೆಳ್ಳೇವು ದೋಸೆಗೆ ಜೋನಿಬೆಲ್ಲ ಇದ್ದರೆ ಮಾತ್ರ ತಿನ್ನುತ್ತಾನೆ, ಕತ್ತಲೆಯಲ್ಲಿ ಬಚ್ಚಲಿಗೆ ಹೋಗುವುದಿಲ್ಲ, ಅಳು ಬಂದರೆ ಸುಮ್ಮನೆ ಬಿಟ್ಟರೆ ತಾನೇ ನಿಲ್ಲಿಸುತ್ತಾನೆ, ಸಮಾಧಾನ ಮಾಡಲು ಹೋದರೆ ಜಾಸ್ತಿಯಾಗುತ್ತದೆ.

ಇವನಿಗೆ ಹೇಳುವುದು ಹೇಗೆ ಎನ್ನುವುದರಲ್ಲಿ ನಾನು ಹಟಮಾರಿಯಾದೆ. ನಮ್ಮಲ್ಲಿ ಮಕ್ಕಳಿಗೆ ಸುಳ್ಳು ಹೇಳಿ ತಪ್ಪಿಸಿಕೊಂಡು ಹೋಗುವ ಪದ್ಧತಿ ಉಂಟು: ಆಯಿ ಪೇಟೆಗೆ ಹೋಗಿದೆ, ಚಾಕ್ಲೇಟು ತತ್ತು. (ಮಾಣಿಗೆ ಆಯಿ ಎಂದರೆ ನಾನು, ಅಪ್ಪಯ್ಯ ಎಂದರೆ ನಮ್ಮನೆಯವರು; ನನ್ನ ಆಯಿ ಅವನಿಗೆ ಅಮ್ಮಮ್ಮ.) ಪೇಟೆಗೆ ಹೋದ ಆಯಿ ಮೂರು ದಿನ ಬಾರದಿದ್ದರೆ ಮುಂದೆ ಅವನು ನನ್ನನ್ನು ಹಾಲು ತರಲೂ ಬಿಡಲಿಕ್ಕಿಲ್ಲ. ಮನೆಯವರು, ಮಾವಶಿ, ಕಾಕಾ ಎಲ್ಲರಿಗೂ ಒಂದೇ ವಾಕ್ಯ ಕಲಿಸಿದೆ. ಆಯಿ ಪಾಪು ಕರೆತರಲು ಆಸ್ಪತ್ರೆಗೆ ಹೋಗಿದ್ದಾರೆ, ಡಾಕ್ಟರ್ ಹೇಳಿದ ಮೇಲೆ ಬರುತ್ತಾರೆ, ಅಪ್ಪಯ್ಯ ತಿಂಡಿ ಹೊತ್ತಿಗೆ ಬರುತ್ತಾರೆ. 'ನಾಳೆ' ಎಂದು ಯಾರೂ ಹೇಳಕೂಡದು. ಅವನಿಗೂ ಅದನ್ನೇ ಮತ್ತೆ ಮತ್ತೆ ಹೇಳಿದೆ. ಕೊನೆಕೊನೆಗೆ ಅವನೇ ಬೇಸರಪಟ್ಟು, "ಗೊತ್ತಿದ್ದು, ಗೊತ್ತಿದ್ದು," ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದ.

ಜುಲೈ ಎರಡನೇ ವಾರ ಮಳೆ ಹಿಡಿದದ್ದು ಬಿಡಲೇ ಇಲ್ಲ. ಶಾಲೆ, ಅಂಗನವಾಡಿಗಳಿಗೆ ಜಿಲ್ಲಾಧಿಕಾರಿಗಳ ರಜೆ ಒಂದರ ಹಿಂದೆ ಒಂದು. ನಾನು ಲೆಕ್ಕ ಹಾಕಿದ್ದ ಹಗಲೆಲ್ಲ ಅಲ್ಲಿಗೆ ಮಾವಶಿಯ ಜಗಲಿಗೆ ಜಮೆಯಾಯಿತು. ಆಯಿ ಫೋನಿನಲ್ಲಿ, "ಬುಧವಾರ ಏಕಾದಶಿ ಮುಗ್ಸ್ಕಂಡು ಮರುದಿನ ಹೊರಡ್ತಿ, ಹೆದ್ರಡ," ಎಂದರು. ಆ ಏಕಾದಶಿಯ ಹಿಂದಿನ ದಿನ, 2024ರ ಜುಲೈ 16, ಮಂಗಳವಾರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66ರ ಮೇಲೆ, ಗಂಗಾವಳಿಯ ಒಳಗೆ ಬಿತ್ತು. ಅಲ್ಲಿ ಚಹಾ ಕುಡಿಯಲು ನಿಂತವರು, ಅಂಗಡಿಯವರ ಮನೆಮಂದಿ ಹೋದರು. ಆ ದಿನದ ಎದುರು ನಮ್ಮ ಮನೆಯ ತಾಪತ್ರಯ ಹೇಳಿಕೊಳ್ಳುವಂಥದ್ದಲ್ಲ, ಆದರೂ ಇದ್ದದ್ದು ಇತ್ತು. ಶಿರಸಿಯವರು ಕಾರವಾರಕ್ಕೆ ಬರುವುದೆಂದರೆ ದೇವಿಮನೆ ಘಟ್ಟ ಇಳಿದು, ಕುಮಟಾ ಕಡೆಯಿಂದ ಹೆದ್ದಾರಿ ಹಿಡಿದು, ಶಿರೂರು ದಾಟಿಯೇ.

ಅಣ್ಣ ಬೇರೆ ದಾರಿ ಹುಡುಕಿದ. ಕುಮಟಾದ ತನಕ ಬಸ್ಸು, ಅಲ್ಲಿಂದ ರೈಲು, ಕಾರವಾರ ಸ್ಟೇಷನ್ನಿಗೆ ಇವರು ಹೋಗಿ ಕರೆತರುವುದು. ಆ ಮಳೆಯಲ್ಲಿ ದೇವಿಮನೆ ಇಳಿಯುವುದು ನನ್ನ ಅಪ್ಪಯ್ಯನಿಗೆ ಒಪ್ಪಿಗೆಯಾಗಲಿಲ್ಲ. ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಶಿರೂರು ಮುಟ್ಟುವುದೇ ಇಲ್ಲ. ಆದರೆ ಅಪ್ಪಯ್ಯ 2021ರ ಜುಲೈ ಮರೆತಿರಲಿಲ್ಲ. ಆಗ ಅರಬೈಲಿನಲ್ಲಿ ರಸ್ತೆ ಕುಸಿದಿತ್ತು, ಕಳಚೆಯಲ್ಲಿ ತೋಟ-ಮನೆ ಸಮೇತ ಗುಡ್ಡ ಜಾರಿತ್ತು. "ಮಳೆ ಹೊಳವಾಗ್ಲಿ, ಹೋಪಲಕ್ಕು," ಎಂದು ಕೂತುಬಿಟ್ಟರು. ಮಗಳು ಹೆರಲಿಕ್ಕಿದ್ದಾಳೆ ಎಂದು ಹೆಂಡತಿ, ಮಗ ಇಬ್ಬರನ್ನೂ ಘಟ್ಟಕ್ಕೆ ಬಿಡದ ಅಪ್ಪಯ್ಯನ ಮೇಲೆ ನನಗೆ ಒಂದು ಕ್ಷಣವೂ ಬೇಸರ ಬರಲಿಲ್ಲ. ಡಾಕ್ಟರ ಹತ್ತಿರ ಹೋದಾಗ ಅವರು, "ಏನಾದರೂ ಹೆಚ್ಚುಕಮ್ಮಿಯಾದರೆ ಈಗ ಗೋವಾ ಒಂದೇ," ಎಂದರು. ಗೋವಾಕ್ಕೆ ಹೋಗಲು ಕಾಳಿ ಸೇತುವೆ ಇತ್ತಲ್ಲ ಎಂದು ಸಮಾಧಾನಪಟ್ಟೆವು. (ಹಳೆಯ ಸೇತುವೆ ಬಿದ್ದದ್ದು ಆಗಸ್ಟ್ 7ರ ಅಪರಾತ್ರಿ, ನಾನು ಬಾಣಂತಿ ಕೋಣೆಯಲ್ಲಿದ್ದಾಗ. ಪಕ್ಕದ ಹೊಸ ಸೇತುವೆ ಉಳಿಯಿತು. ಇದು ಮೊದಲೇ ಗೊತ್ತಿದ್ದರೆ ಏನು ಮಾಡುತ್ತಿದ್ದೆನೋ ದೇವರೇ ಬಲ್ಲ.)

ಇವರ ಪಿತೃತ್ವ ರಜೆಯ ಅರ್ಜಿ ಮೇಜಿನ ಮೇಲೇ ಉಳಿಯಿತು. ಅಂಥ ಹೊತ್ತಿನಲ್ಲಿ ಯಾವ ಕಚೇರಿಯಲ್ಲೂ ರಜೆಯ ಮಾತಿಲ್ಲ. ಇವರಿಗೆ ಹಗಲೆಲ್ಲ ಕಾಳಜಿ ಕೇಂದ್ರದ ಡ್ಯೂಟಿ. ನೆರೆಯಲ್ಲಿ ಮನೆ ಬಿಟ್ಟು ಬಂದವರಿಗೆ ಊಟ, ಹೊದಿಕೆ, ಹೆಸರು ಬರೆದುಕೊಳ್ಳುವುದು. ರಾತ್ರಿ ಒದ್ದೆಯಾಗಿ ಮನೆಗೆ ಬಂದು, ಬೇರೆಯವರ ಮಕ್ಕಳನ್ನು ಸಾಲಾಗಿ ಮಲಗಿಸಿ ಬಂದೆ ಎಂದು ಹೇಳಿ ನಗುತ್ತಿದ್ದರು.

ನೋವು ಬಂದದ್ದು ಅಂದಾಜು ದಿನಕ್ಕಿಂತ ಮೊದಲು, ನಾವೆಲ್ಲ ಹೆದರಿದ್ದ ಹೊತ್ತಿಗೇ: ರಾತ್ರಿ, ಜೋರು ಮಳೆ, ಕರೆಂಟಿಲ್ಲ. ಮೊಬೈಲಿನಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದು ಹೋಗುತ್ತಿತ್ತು. ಅದಕ್ಕೆಂದೇ ಫೋನು ನಂಬುವುದು ಬೇಡವೆಂದು ಮಾವಶಿ ತಮ್ಮ ಜಗಲಿಯ ಗ್ರಿಲ್‌ನ ಕೀಲಿಯನ್ನು ನಮಗೆ ಕೊಟ್ಟಿಟ್ಟಿದ್ದರು. ಇವರು ಗ್ರಿಲ್ ತೆಗೆದು, ಕಾಲಿಂಗ್ ಬೆಲ್ ಒತ್ತಿ, ಅದು ಕರೆಂಟಿನದ್ದು ಎಂದು ನೆನಪಾಗಿ, ಕೊಡೆಯ ಹಿಡಿಯಿಂದ ಬಾಗಿಲು ಬಡಿದರು. ಮೂರನೇ ಬಡಿತಕ್ಕೆ ಒಳಗಿನಿಂದ ಟಾರ್ಚಿನ ಬೆಳಕು. ಮಾವಶಿ ತಲೆದಿಂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಗಿಲ ಬುಡದಲ್ಲೇ ಇಟ್ಟುಕೊಂಡಿದ್ದರಂತೆ, ಎಷ್ಟು ದಿನದಿಂದಲೋ. ನಮ್ಮ ಮನೆಗೆ ಬಂದವರು ಸೆರಗಿನಿಂದ ಕಾಲೊರೆಸಿಕೊಂಡು, ನನ್ನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ, "ನೀವು ಹೋಗಿ ಬನ್ನಿ. ಈ ಬದಿ ನೋಡಬೇಡಿ," ಎಂದರು.

ತೊಳೆಯದ ನೈಟಿಯೊಂದನ್ನು ನಾನು ಮಾಣಿಯ ದಿಂಬಿನ ಪಕ್ಕ ಇಟ್ಟಿದ್ದೆ. ನನ್ನ ತೋಳನ್ನು ಅವನ ಮುಷ್ಟಿಯಿಂದ ಬಿಡಿಸಿ ಆ ನೈಟಿಯ ತೋಳನ್ನು ತುರುಕಿದೆ. ಬೆರಳು ಸಡಿಲಾಯಿತು, ಮತ್ತೆ ಬಿಗಿಯಾಯಿತು. ನೋವಿನ ನಡುವೆಯೂ ನನಗೆ ಗೆದ್ದಷ್ಟು ಸಂತೋಷ. ಹೊರಗೆ ಮೊದಲೇ ಹೇಳಿಟ್ಟಿದ್ದ ಆಟೋದವರು ಬಂದಿದ್ದರು. ಅವರು ಬಾರದಿದ್ದರೆ 108 ಎಂದಿತ್ತು, ಬೇಕಾಗಲಿಲ್ಲ.

ಬೆಳಕು ಹರಿಯುವುದರೊಳಗೆ ಕೂಸು ಹುಟ್ಟಿತು. ಇವರು ತಿಂಡಿ ಹೊತ್ತಿಗೆ ಮನೆಗೆ ಓಡಿದರು, ಹೇಳಿದ ವಾಕ್ಯ ಸುಳ್ಳಾಗಬಾರದಲ್ಲ. ಅಲ್ಲಿ ಏನಾಯಿತೆಂದು ಆಮೇಲೆ ಮಾವಶಿ ಹೇಳಿದ್ದು. ಎದ್ದ, ಆಚೀಚೆ ನೋಡಿದ, ಮಾವಶಿಯನ್ನು ನೋಡಿದ, ನೈಟಿಯನ್ನು ನೋಡಿದ. ನಾನು ಕಲಿಸಿದ್ದ ವಾಕ್ಯವನ್ನು ಇವರು ಶುರುಮಾಡುವ ಮೊದಲೇ ಅವನೇ, "ಆಯಿ ಪಾಪು ಕರ್ಕಂಡು ಬಪ್ಪಲೆ ಹೋಯ್ದು," ಎಂದು ಪಾಠ ಒಪ್ಪಿಸಿ, ಯೂನಿಫಾರ್ಮ್ ಎಲ್ಲಿ ಎಂದು ಕೇಳಿದ. ಇವತ್ತೂ ಮಳೆ ರಜೆ ಎಂದಾಗ ಮಾತ್ರ ಅತ್ತ.

ಸಹಜ ಹೆರಿಗೆಯಾದರೆ 48 ತಾಸು ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ ಎನ್ನುವುದು ನಮ್ಮ ಲೆಕ್ಕಕ್ಕೆ ಆಧಾರವಾಗಿತ್ತು. ಮೂರನೇ ದಿನ ಕೂಸಿನ ಮೈ ಹಳದಿಯಾಯಿತು. ಹುಟ್ಟಿದ ಮಕ್ಕಳಲ್ಲಿ ಕಾಮಾಲೆ ಮೂರರಿಂದ ಐದನೇ ದಿನಕ್ಕೆ ಏರುವುದು ಬಹಳ ಸಾಮಾನ್ಯ, ಹೆಚ್ಚಿನವರಿಗೆ ತಾನೇ ಇಳಿಯುತ್ತದೆ. ನಮ್ಮದಕ್ಕೆ ರಕ್ತದ ಬಿಲಿರುಬಿನ್ ಸ್ವಲ್ಪ ಜಾಸ್ತಿ ಬಂತು, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ವೈದ್ಯರಿಗೆ ಅದು ದಿನನಿತ್ಯದ್ದು. ನನಗೆ ಮಾತ್ರ ಮನೆಯಲ್ಲಿದ್ದವನ ಲೆಕ್ಕ ಪೂರ್ತಿ ತಪ್ಪಿತು. ಮೊದಲು ಕೇಳಿಕೊಳ್ಳುವಾಗ 'ನಾಲ್ಕು ರಾತ್ರಿಯೂ ಆಗಬಹುದು' ಎಂದು ಹೇಳಿಟ್ಟದ್ದು ಆಗ ಉಪಯೋಗಕ್ಕೆ ಬಂತು. ಮಾವಶಿಗೆ ಮತ್ತೆ ಫೋನು ಮಾಡಿ ಅವಧಿ ವಿಸ್ತರಿಸಿ ಎಂದು ಬೇಡುವ ಪ್ರಮೇಯ ಬರಲಿಲ್ಲ.

ವಿಡಿಯೋ ಕಾಲ್ ಬಗ್ಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಮೊದಲ ದಿನ ಉತ್ಸಾಹದಿಂದ ಮಾಡಿದೆ. ಅವನ ಕಣ್ಣು ಪಾಪುವಿನ ಮೇಲೆ ಹೋಗಲೇ ಇಲ್ಲ, ನನ್ನ ಕೈಯಲ್ಲಿದ್ದ ಸಲೈನ್ ಸೂಜಿಯ ಮೇಲೇ ನಿಂತಿತು. "ಅದ್ನ ತೆಗಿ, ಅದ್ನ ತೆಗಿ," ಎಂದು ಬಿಕ್ಕಿದವನು ಕಾಕಾರ ರೇಡಿಯೋಕ್ಕೂ ಸುಮ್ಮನಾಗಲಿಲ್ಲವಂತೆ. ಆಮೇಲೆ ಬರೀ ಮಾತು, ಅದೂ ಊಟವಾದ ಮೇಲೆ, ಮಲಗುವ ಹೊತ್ತಿಗಲ್ಲ. ವಾರ್ಡಿನ ಒಳಗೆ ಸಣ್ಣ ಮಕ್ಕಳನ್ನು ಬಿಡುವುದಿಲ್ಲ. ಒಂದು ಸಂಜೆ ಇವರು ಅವನನ್ನು ಮೆಟ್ಟಿಲ ಬುಡಕ್ಕೆ ಕರೆತಂದರು, ನಾನೇ ಇಳಿದು ಹೋದೆ. ಸೂಜಿ ತೆಗೆದಿದ್ದ ಕೈಯನ್ನು ಹಿಂದೆ ಮುಂದೆ ತಿರುಗಿಸಿ ಪರೀಕ್ಷೆ ಮಾಡಿ, ತೃಪ್ತನಾಗಿ, ಅಪ್ಪಯ್ಯನ ಸ್ಕೂಟರ್ ಹತ್ತಿ ಹೋದ. ನನ್ನನ್ನು ತಬ್ಬಿಕೊಳ್ಳುವ ಯೋಚನೆ ಅವನಿಗೆ ಬಂದಂತಿರಲಿಲ್ಲ.

ಟಿವಿಯ ವಿಷಯ ನಾವು ಯಾರೂ ಯೋಚಿಸಿರಲಿಲ್ಲ. ಆ ವಾರವೆಲ್ಲ ಎಲ್ಲ ಚಾನಲ್ಲಿನಲ್ಲೂ ಶಿರೂರೇ. ಜೆಸಿಬಿ, ಕೆಂಪು ಮಣ್ಣು, ಹೊಳೆಯಲ್ಲಿ ದೋಣಿ. ಕಾಕಾ ದಿನವಿಡೀ ಸುದ್ದಿ ಹಾಕಿಕೊಂಡು ಕೂರುವವರು. ಒಂದು ಮಧ್ಯಾಹ್ನ ಮಾಣಿ ಅವರ ಮೊಣಕಾಲಿಗೆ ಆತುಕೊಂಡು, "ಅಮ್ಮಮ್ಮ ಬಪ್ಪ ರಸ್ತೆನಾ ಅದು?" ಎಂದು ಕೇಳಿದನಂತೆ. ಕಾಕಾರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ಹೋಗಿ ಟಿವಿಯ ಪ್ಲಗ್ಗನ್ನೇ ಕಿತ್ತರು. ಅವನು ರಾತ್ರಿ ಮಲಗುವ ತನಕ ಅದನ್ನು ಹಾಕಲಿಲ್ಲ. ಮಾವಶಿ ನನ್ನ ತವರಿಗೆ ಫೋನು ಹಚ್ಚಿ, ಆಯಿಯ ಕೈಗೆ ಕೊಡಿಸಿ, "ನಿಮ್ಮ ದನಿ ಕೇಳಿಸಿ ಅವನಿಗೆ," ಎಂದರು. ಆಯಿಗೆ ಕೊಂಕಣಿ ಬಾರದು, ಮಾವಶಿಯ ಕನ್ನಡ ಆಯಿಗೆ ಪೂರ್ತಿ ತಿಳಿಯದು; ಅಲ್ಲಿಯ ತನಕ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆ ದಿನದಿಂದ ಅವರಿಬ್ಬರಿಗೆ ದಿನಾ ಸಂಜೆ ಫೋನು. ಏನು ಮಾತಾಡುತ್ತಿದ್ದರೋ.

ಮಳೆ ಕೊನೆಗೂ ಒಂದು ದಿನ ಹೊಳವಾಯಿತು. ಅಣ್ಣ ಆಯಿಯನ್ನು ಕೂರಿಸಿಕೊಂಡು ಯಲ್ಲಾಪುರ, ಅರಬೈಲ್, ಅಂಕೋಲಾ ದಾರಿಯಲ್ಲಿ ಬಂದ. ಬಾಣಂತಿಗೆ ಮೆಣಸು, ಓಮ, ಅರಿಶಿನ ಬೇರು, ಎರಡು ಡಬ್ಬಿ ತುಪ್ಪ, ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ಬಾಳೆಲೆ ಕಟ್ಟು. ನಾನೂ ಕೂಸೂ ಮನೆಗೆ ಬಂದದ್ದು ಅದರ ಮರುದಿನ.

ಆಯಿಗೆ ಒಂದು ಕೊರಗು ಇತ್ತು, ನನಗೆ ಗೊತ್ತಿತ್ತು. ಅವರು ಮಡಿ-ಮೈಲಿಗೆ ಬಿಟ್ಟವರಲ್ಲ. ಮೀನು ತಿನ್ನುವವರ ಮನೆಯಲ್ಲಿ ಮೊಮ್ಮಗ ಇಷ್ಟು ದಿನ ಉಂಡ ಎನ್ನುವುದನ್ನು ಬಾಯಿಬಿಟ್ಟು ಹೇಳದಿದ್ದರೂ ಸುತ್ತುಬಳಸಿ ಕೇಳಿದರು. "ಅಲ್ಲಿ ಎಂತ ಉಂಡೆ ತಮಾ?" "ಪೇಜು. ದಾಳಿ. ಬಟಾಟೆ ಭಾಜಿ." "ಮತ್ತೆ?" "ಮತ್ತೆ ಪೇಜು." ಪೇಜು ಅಂದರೆ ಗಂಜಿ. ಆಯಿ ನನ್ನ ಮುಖ ನೋಡಿದರು, ನಾನು ಕೂಸಿಗೆ ಹಾಲು ಕುಡಿಸುವುದರಲ್ಲಿ ಮುಳುಗಿದೆ. ನನ್ನ ಅಭಿಪ್ರಾಯ ಕೇಳಿದ್ದರೆ, ಅಪರಾತ್ರಿ ದಿಂಬು ಹಿಡಿದು ಓಡಿಬಂದವರ ಪಾತ್ರೆಯಲ್ಲಿ ಏನು ಬೇಯುತ್ತದೆ ಎಂದು ನಾನು ಕೇಳುವವಳಲ್ಲ. ಆದರೆ ಹಸಿ ಬಾಣಂತಿ ಆಯಿಯ ಜೊತೆ ಆ ವಾದಕ್ಕಿಳಿಯುವುದೂ ಇಲ್ಲ.

ಮಾಣಿಯನ್ನು ಈಚೆ ತರುವುದೇ ಕಷ್ಟವಾಯಿತು. ಮನೆಯಲ್ಲಿ ನಾನು ಕೋಣೆಯಿಂದ ಹೊರಗೆ ಬಾರದೆ ಕೂತಿದ್ದೆ, ಕೂಸು ಅಳುತ್ತಿತ್ತು, ಆಯಿ ಎಲ್ಲದಕ್ಕೂ 'ಮುಟ್ಟಡ' ಎನ್ನುತ್ತಿದ್ದರು. "ಆನು ಮಾವಶಿ ಮನೆಲೇ ಇರ್ತಿ," ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ. ಇವರು ರಜೆ ಸಿಕ್ಕ ಮೇಲೆ ಮೊದಲು ಮಾಡಿದ ಕೆಲಸ ಕೂಸಿಗಾಗಿ ಅಲ್ಲ, ಅವನಿಗಾಗಿ: ದಿನಾ ಬೆಳಿಗ್ಗೆ ಅವನೊಬ್ಬನನ್ನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಕಡಲ ದಂಡೆಯ ತನಕ ಹೋಗಿ ಅಲೆ ನೋಡಿಸಿ ಶಾಲೆಗೆ ಬಿಡುವುದು. ಅದರಿಂದ ಅವನು ರಾತ್ರಿಗೆ ಮನೆಗೆ ಬರತೊಡಗಿದ. ಊಟ ಮಾತ್ರ ಇನ್ನೂ ಅಲ್ಲೇ.

ಆಗ ಒಂದು ಮಧ್ಯಾಹ್ನ ಕಾಕಾ ಕಂಪೌಂಡಿನ ಹತ್ತಿರ ಬಂದು ನಿಂತರು. ಏನೋ ಹೇಳಬೇಕು, ಹೇಳಲಾಗುತ್ತಿಲ್ಲ. ಆಯಿಗೆ ಕೈಮುಗಿದು, ಮಳೆ ಹೇಗೆ, ಶಿರಸಿಯಲ್ಲಿ ಅಡಕೆ ಹೇಗೆ ಎಂದೆಲ್ಲ ವಿಚಾರಿಸಿ, ಕೊನೆಗೆ, "ಈಗ ಅಮ್ಮಮ್ಮ ಬಂದ್ರಲ್ಲ... ಇನ್ನು ಅವನ ಊಟ ನಿಮ್ಮಲ್ಲೇ ಅಲ್ವಾ?" ಎಂದರು. ನನಗೆ ಒಳಗಿದ್ದವಳಿಗೆ ಚುರುಕ್ಕೆಂದಿತು. ಎಷ್ಟು ಮಾಡಿದರು, ಸಾಕಾಯಿತೇನೋ ಪಾಪ ಎಂದುಕೊಂಡೆ. ಆಯಿ, "ಇಲ್ಲೇ, ಇಲ್ಲೇ," ಎಂದು ಆ ಹೊತ್ತಿನಿಂದಲೇ ಅವನನ್ನು ಒಳಗೆ ಹಿಡಿದಿಟ್ಟುಕೊಂಡರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಅಡುಗೆಮನೆಯಿಂದ ಒಣ ಶೆಟ್ಲಿ, ಎಂದರೆ ಸಿಗಡಿ, ಹುರಿಯುವ ವಾಸನೆ ನಮ್ಮ ಕಿಟಕಿಯ ತನಕ ಬಂತು. ಇಷ್ಟು ದಿನ ಆ ಮನೆಯಿಂದ ಅಂಥ ವಾಸನೆಯೇ ಬಂದಿರಲಿಲ್ಲ ಎಂದು ಇವರು ಹೇಳಿದರು. ನಾನು ಆಯಿ ಕಿಟಕಿ ಮುಚ್ಚುತ್ತಾರೆಂದು ಕಾದೆ. ಅವರು ಉಪ್ಪಿನಕಾಯಿ ಭರಣಿಯಿಂದ ಅರ್ಧ ತೆಗೆದು ಬೇರೆ ಡಬ್ಬಿಗೆ ತುಂಬುತ್ತಿದ್ದರು. "ಪಾಪ," ಎಂದರು, "ಎಷ್ಟ್ ದಿನ ತಡ್ಕಂಡಿದ್ವೇನ. ಇದ್ನ ಕೊಟ್ಟಿಕ್ಕಿ ಬಾ ಹೇಳು ಮಾಣಿಗೆ."